ಕಳಸದ ಮುಂದಿನ ಸಾರೋಟು

ನವಲಗುಂದ, ಕುಂದಗೋಳ, ಅಣ್ಣಿಗೇರಿ ಸೀಮೆಯಲ್ಲಿ ಗುಡಿ ಜೀರ್ಣೋದ್ಧಾರವಾಗಿ ಕಳಸ ಏರುವ ದಿನ ಬಂತೆಂದರೆ ಕರೆಯೋಲೆಯಲ್ಲಿ ಒಂದು ಸಾಲು ಈಗ ಖಾಯಂ: ಪೂಜ್ಯರ ಸಾರೋಟು ಮೆರವಣಿಗೆ. ಮರುದಿನ ವರದಿಗಾರರು ಅದಕ್ಕೆ ‘ಗತವೈಭವ’ ಎಂಬ ಪಟ್ಟ ಕಟ್ಟುತ್ತಾರೆ. ಆ ಪಟ್ಟ ಪುಕ್ಕಟೆ ಸಿಕ್ಕಿದ್ದು.

ಯಾರ ಗತ ಇದು? ಹುಬ್ಬಳ್ಳಿ-ಧಾರವಾಡದಲ್ಲಿ ಓಡಾಡಿದ್ದು ಎರಡು ಗಾಲಿಯ ಟಾಂಗಾ. ಎರಿ ನೆಲದ ಊರುಗಳಲ್ಲಿ ಚಕ್ಕಡಿ. ಯಲ್ಲಮ್ಮನ ಗುಡ್ಡಕ್ಕೆ ಹೊರಟರೆ ಅದೇ ಕೊಲ್ಲಾರಿ ಬಂಡಿ. ನಾಲ್ಕು ಗಾಲಿಯ ಸಾರೋಟು ಅರಮನೆಯ ಮಂದಿಯದು, ಸಾಹೇಬರದು. ನಮ್ಮ ಬೀದಿಗೆ ಬರುವುದು ಅದೂ ಅಲ್ಲ, ಮದುವೆ ಸೀಜನ್ನಿನ ಬಾಡಿಗೆ ಗಾಡಿ: ಇಕ್ಕೆಲಕ್ಕೆ ಫೈಬರ್ ನವಿಲು, ಕೆಂಪು ರೆಕ್ಸಿನ್ ಸೀಟು, ಮೇಲೆ ಎಲ್‌ಇಡಿ ಸರ. ಹಳೆಯ ಕಲ್ಲುಗುಡಿ ಕೆಡವಿ ಗ್ರಾನೈಟ್ ಹಾಸಿ, ಗೋಪುರಕ್ಕೆ ಆಯಿಲ್ ಪೇಂಟ್ ಬಳಿದು ಜೀರ್ಣೋದ್ಧಾರ ಎನ್ನುವವರಿಗೆ ಇದು ತಕ್ಕ ವಾಹನವೇ. ಅಣ್ಣಿಗೇರಿಯ ಅಮೃತೇಶ್ವರನ ಬಳಪದ ಕಲ್ಲಿನ ಕಂಬಗಳನ್ನು ಕಂಡೂ ಗ್ರಾನೈಟ್ ಬೇಕೆನ್ನುವ ಕಮಿಟಿಗಳ ರುಚಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಸಾರೋಟಿನ ನಡೆಯನ್ನೇ ನೋಡಿ. ಅದರ ಕಲೆಯೆಲ್ಲ ಲಗಾಮಿನಲ್ಲಿದೆ. ಮೇಲೆ ಕೂತವನ ಬೆರಳ ತುದಿಯಿಂದ ಕುದುರೆಯ ಬಾಯಿಗೆ ಸುದ್ದಿ ಹೋಗಬೇಕು, ಗಾಡಿ ದುಡುಕಿಯಲ್ಲಿ ಸಾಗಬೇಕು. ಆದರೆ ಮೆರವಣಿಗೆಯ ತಾಳ ಜಗ್ಗಲಿಗೆಯವರದು. ಹತ್ತು ಹೆಜ್ಜೆ ನಡೆದು ನಿಲ್ಲುತ್ತಾರೆ, ಕುಣಿಯುತ್ತಾರೆ, ಯಾರೋ ಆರತಿ ತರುತ್ತಾರೆ, ಮತ್ತೆ ಹತ್ತು ಹೆಜ್ಜೆ. ಓಡಲು ಪಳಗಿದ ಪ್ರಾಣಿ ನಿಂತಲ್ಲೇ ಗೊರಸು ಬಡಿಯುತ್ತದೆ, ಬಾಯಲ್ಲಿ ನೊರೆ. ಹಿಂದೆ ಡಿಜೆ ಗುಡುಗಿತೆಂದರೆ ಗಾಡಿಯವನು ಕೆಳಗಿಳಿದು ಕಡಿವಾಣವನ್ನೇ ಹಿಡಿದು ಕುದುರೆಯನ್ನು ಎಳೆದುಕೊಂಡು ಹೋಗುತ್ತಾನೆ. ಮೇಲಿನ ಪೀಠ ಖಾಲಿ, ಲಗಾಮು ಜೋತು ಬಿದ್ದಿರುತ್ತದೆ. ಆ ಗಳಿಗೆಯಿಂದ ಅಲ್ಲಿ ಸಾರೋಟು ಓಡಿಸುವವರೇ ಇಲ್ಲ, ಒಂದು ಸೋಫಾ ತಳ್ಳಿಕೊಂಡು ಹೋದಂತೆ. ಎತ್ತುಗಳಾದರೆ ಈ ನಿಂತು ನಡೆಯುವ ಲಯ ಅವುಗಳದೇ.

ಸಾರೋಟನ್ನು ಮೆಚ್ಚುವ ಪ್ರಗತಿಪರ ಮಿತ್ರರೊಂದಿಗೆ ನನ್ನ ಜಗಳ ಬೇರೆ. ಅಡ್ಡಪಲ್ಲಕ್ಕಿಯಲ್ಲಿ ಮನುಷ್ಯರ ಹೆಗಲ ಮೇಲೆ ಸ್ವಾಮಿಗಳು ಮೆರೆಯುವುದಕ್ಕಿಂತ ಇದು ವಾಸಿಯಲ್ಲವೇ ಎನ್ನುತ್ತಾರೆ. ವಾಸಿ, ಒಪ್ಪಿದೆ. ಆದರೆ ಹೆಗಲು ಬದಲಾಯಿತೇ ಹೊರತು ಮೆರೆಯುವ ಆಸೆ ಬದಲಾಗಲಿಲ್ಲ. 2019ರ ಜನವರಿಯಲ್ಲಿ ಧಾರವಾಡದ 84ನೇ ಸಾಹಿತ್ಯ ಸಮ್ಮೇಳನದ ಹೊತ್ತಿಗೆ, ಮೆರವಣಿಗೆಯಲ್ಲಿ ಹೆಂಗಸರಿಂದ ಕುಂಭ ಹೊರಿಸಬಾರದೆಂದು ಇವರೇ ಸರಿಯಾಗಿ ದನಿ ಎತ್ತಿದ್ದರು. ಕುದುರೆಯ ವಿಷಯ ಬಂದಾಗ ಮಾತ್ರ ಇವರಿಗೆ ಮಾತು ಹೊರಡದು. ಹೊರೆ ಎಳೆಯುವ ಪ್ರಾಣಿಗಳ 1965ರ ನಿಯಮಗಳ ಪ್ರಕಾರ, ಉಷ್ಣಾಂಶ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಅವುಗಳನ್ನು ಗಾಡಿಗೆ ಹೂಡುವಂತಿಲ್ಲ. ಬಿರುಬಿಸಿಲ ವೈಶಾಖದ ಕಳಸಾರೋಹಣಗಳಲ್ಲಿ ಈ ನಿಯಮ ಓದಿದವರು ಯಾರು? ಮುಂಬೈಯ ಹೈಕೋರ್ಟು 2015ರಲ್ಲಿ ಅಲ್ಲಿಯ ವಿಕ್ಟೋರಿಯಾ ಗಾಡಿಗಳ ಮೋಜಿನ ಸವಾರಿಯನ್ನೇ ಕಾನೂನುಬಾಹಿರ ಎಂದಿತು. ಅಷ್ಟು ದೂರ ನಾನು ಹೋಗುವುದಿಲ್ಲ. ಕುದುರೆ ಸಾಕಿ ಹೊಟ್ಟೆ ಹೊರೆಯುವವನ ಅನ್ನದ ಪ್ರಶ್ನೆಯೂ ಇದೆ.

ಸಾರೋಟಿನ ಬದಲು ಚಕ್ಕಡಿ ಹೂಡಿ ಎಂದರೆ, ಎತ್ತುಗಳೇ ಉಳಿದಿಲ್ಲ, ಎಲ್ಲ ಟ್ರ್ಯಾಕ್ಟರ್ ಎನ್ನುವುದು ಕಮಿಟಿಯವರ ಉತ್ತರ. ಅರ್ಧ ನಿಜ. ಜೂಲ ಹೊದಿಸಿ, ಕೊಡೆಣಸು ತೊಡಿಸಿ ಕಾರಹುಣ್ಣಿಮೆಗೆ ಎತ್ತು ಮೆರೆಸುವ ಮನೆಗಳು ಇನ್ನೂ ಇವೆ. ಗಾಲಿಗೆ ಬಣ್ಣ ಬೇಕಿದ್ದರೆ ಕಲಘಟಗಿಯಲ್ಲಿ ತೊಟ್ಟಿಲಿಗೆ ಅರಗಿನ ಬಣ್ಣ ಹಾಕುವ ಕೈಗಳಿವೆ. ಹಾಸಲು ನವಲಗುಂದದ ಜಮಖಾನೆ ಇದೆ. ಸಾರೋಟೇ ಬೇಕೆಂದು ಹಟ ಹಿಡಿದರೆ ಮೆರವಣಿಗೆಯನ್ನು ಬೆಳಿಗ್ಗೆ ಏಳಕ್ಕೇ ಹೊರಡಿಸಲಿ, ಡಿಜೆಯನ್ನು ಬಿಟ್ಟುಬಿಡಲಿ, ಕುದುರೆಯವನು ತನ್ನ ಪೀಠದಲ್ಲೇ ಕೂತು ಗಾಡಿ ಹೊಡೆಯುವಷ್ಟು ದಾರಿ ಬಿಡಲಿ.