ಒಡಿಸ್ಯೂಸನ ಸ್ವದೇಶಾಗಮನ: ಕೊನೆಯ ಸರ್ಗವನ್ನು ಕುರಿತು

ಹೋಮರನ ‘ಒಡಿಸ್ಸಿ’ ಎಲ್ಲಿ ಮುಗಿಯುತ್ತದೆ ಎಂಬುದು ಬಹು ಹಿಂದಿನಿಂದ ಬಂದಿರುವ ಪ್ರಶ್ನೆ. ಅಲೆಗ್ಸಾಂಡ್ರಿಯದ ಪಂಡಿತರಾದ ಅರಿಸ್ಟೋಫನೀಸ್ ಮತ್ತು ಅರಿಸ್ಟಾರ್ಕಸರು 23ನೆಯ ಸರ್ಗದ 296ನೆಯ ಪಂಕ್ತಿಯಲ್ಲಿಯೇ ಕಾವ್ಯದ ಕೊನೆಯನ್ನು ಕಂಡರೆಂದು ಹಳೆಯ ಟಿಪ್ಪಣಿಗಳು ಹೇಳುತ್ತವೆ. ಇಪ್ಪತ್ತು ವರ್ಷಗಳ ಅಗಲಿಕೆಯ ಬಳಿಕ ದಂಪತಿಗಳು ಶಯ್ಯಾಗೃಹವನ್ನು ಸೇರುವ ಸ್ಥಳವದು. ಮುಂದಿನದೆಲ್ಲ ಯಾರೋ ಬೆಸೆದ ಭಾಗವೆಂದು ವಾದಿಸುವ ವಿದ್ವಾಂಸರು ಈಗಲೂ ಉಂಟು. ಅಲ್ಲಿಯ ಭಾಷೆ ಸಂದೇಹಕ್ಕೆ ಆಸ್ಪದ ಕೊಡುತ್ತದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆ ವಿಚಾರ ಭಾಷಾಶಾಸ್ತ್ರಜ್ಞರಿಗೆ ಸೇರಿದ್ದು. ಆದರೆ ಕಥೆಗೆ ಅದು ಬೇಡದ ಬಾಲವೆಂಬ ಮಾತನ್ನು ಇತಿಹಾಸದ ಅಭ್ಯಾಸಿಗಳಾದ ನಾವು ಒಪ್ಪಲಾರೆವು.

ಒಡಿಸ್ಯೂಸನು ಇಥಾಕದ ನೆಲವನ್ನು ಸೇರುವುದು 13ನೆಯ ಸರ್ಗದಲ್ಲಿ. ನಿದ್ರಿಸುತ್ತಿದ್ದವನನ್ನು ಫಿಯೇಷಿಯದ ನಾವಿಕರು ದಡದಲ್ಲಿ ಮಲಗಿಸಿ ಹೋಗುತ್ತಾರೆ. ಎಚ್ಚತ್ತವನಿಗೆ ತನ್ನ ನಾಡಿನ ಗುರುತೇ ಹತ್ತುವುದಿಲ್ಲ. ಕಾವ್ಯದ ಸುಮಾರು ಅರ್ಧ ಇನ್ನೂ ಉಳಿದಿದೆ. ಮುದಿನಾಯಿ ಆರ್ಗಸ್, ಕಾಲು ತೊಳೆಯುವ ದಾದಿಯ ಕೈಗೆ ಹತ್ತಿದ ಗಾಯದ ಕಲೆ, ಬಿಲ್ಲು, ಬೇರೂರಿದ ಆಲಿವ್ ಮರದ ಬೊಡ್ಡೆಯಲ್ಲಿಯೇ ಕಡೆದ ಮಂಚ, ಈ ಗುರುತುಗಳನ್ನೆಲ್ಲ ವಿಮರ್ಶಕರು ಸಾಕಷ್ಟು ಕೊಂಡಾಡಿದ್ದಾರೆ. ಕೊನೆಯ ಗುರುತಿಗೆ ಅಷ್ಟು ಮನ್ನಣೆ ದೊರೆತಿಲ್ಲ. ಮುಪ್ಪಿನ ತಂದೆ ಲೇಯರ್ಟೀಸನ ಎದುರಿನಲ್ಲಿ ನಿಂತು ಮಗನು, ಬಾಲ್ಯದಲ್ಲಿ ತನ್ನ ಪಾಲಿಗೆಂದು ತಂದೆ ಹೇಳಿದ್ದ ಮರಗಳನ್ನು ಲೆಕ್ಕ ಒಪ್ಪಿಸುತ್ತಾನೆ: ಮರಸೇಬು 13, ಸೇಬು 10, ಅಂಜೂರ 40, ದ್ರಾಕ್ಷಿಯ ಸಾಲು 50. ಇದು ವಾತ್ಸಲ್ಯದ ಮಾತೂ ಹೌದು, ಹಕ್ಕಿನ ಮಾತೂ ಹೌದು. ಜಮೀನಿನ ವ್ಯಾಜ್ಯವನ್ನು ಮನೆಯಲ್ಲಿ ಕಂಡ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೊಲೆಯ ವಿಷಯ ಇನ್ನೂ ಕಠಿಣವಾದದ್ದು. 16ನೆಯ ಸರ್ಗದ ಲೆಕ್ಕದಂತೆ ಪೆನೆಲೊಪೆಯನ್ನು ವರಿಸಬಂದವರು 108 ಮಂದಿ. ಅವರನ್ನು ಕೊಂದ ಮೇಲೆ ಒಡಿಸ್ಯೂಸನೇ ಮಗನಿಗೆ ಅಪಾಯವನ್ನು ತಿಳಿಸುತ್ತಾನೆ: ಒಬ್ಬನನ್ನು ಕೊಂದವನೂ ಬಂಧುಗಳನ್ನೂ ನಾಡನ್ನೂ ಬಿಟ್ಟು ಓಡಬೇಕಾಗುತ್ತದೆ, ತಾವಾದರೋ ನಾಡಿಗೆ ಆಧಾರವಾಗಿದ್ದ ತರುಣರನ್ನೇ ಕೊಂದಿದ್ದಾರೆ. ಹಾಗೆ ಕೊಂದು ದೇಶಭ್ರಷ್ಟನಾದ ಥಿಯೊಕ್ಲಿಮೆನಸನನ್ನು ಕವಿ 15ನೆಯ ಸರ್ಗದಲ್ಲಿಯೇ ತೋರಿಸಿದ್ದಾನೆ. ಮರಳಿ ಬಂದವನು ಮತ್ತೆ ದೇಶಭ್ರಷ್ಟನಾಗುವನೇ ಎಂಬ ಈ ಪ್ರಶ್ನೆ ಏಳುವುದು 296ನೆಯ ಪಂಕ್ತಿಗೆ ಮುಂಚೆ. ಉತ್ತರ ಬರುವುದು 24ನೆಯ ಸರ್ಗದಲ್ಲಿ. ಹತರ ಬಂಧುಗಳು ಶಸ್ತ್ರ ಹಿಡಿದು ಬರುತ್ತಾರೆ, ಯುಪೈಥೀಸನು ಸಾಯುತ್ತಾನೆ; ಮಕ್ಕಳ ಮತ್ತು ಸೋದರರ ಕೊಲೆಯನ್ನು ಮರೆಸಬೇಕೆಂಬ ಸ್ಯೂಸನ ಸಂಕಲ್ಪದಂತೆ ಅಥೀನಾ ಪ್ರಮಾಣಪೂರ್ವಕವಾದ ಸಂಧಿಯನ್ನು ಮಾಡಿಸುತ್ತಾಳೆ.

ಇದನ್ನು ಕೇವಲ ದೈವದ ತಂತ್ರವೆಂದು ಹೇಳುವವರು ಅಥೆನ್ಸಿನ ಚರಿತ್ರೆಯನ್ನು ನೋಡಬೇಕು. ಕ್ರಿ. ಪೂ. 404ರಲ್ಲಿ ಅಧಿಕಾರವನ್ನು ಹಿಡಿದ ಮೂವತ್ತು ಮಂದಿಯ ಕ್ರೌರ್ಯಕ್ಕೆ ಊರು ಬಿಟ್ಟವರು ಥ್ರಾಸಿಬ್ಯುಲಸನ ನಾಯಕತ್ವದಲ್ಲಿ 403ರಲ್ಲಿ ಹಿಂದಿರುಗಿದಾಗ, ಕಳೆದ ಕೇಡುಗಳನ್ನು ಎತ್ತಿ ಆಡುವುದಿಲ್ಲವೆಂದು ಪೌರರು ಪ್ರಮಾಣ ಮಾಡಿದರು. ಕ್ರಿ. ಪೂ. 324ರಲ್ಲಿ ದೇಶಭ್ರಷ್ಟರೆಲ್ಲ ಊರಿಗೆ ಮರಳಬಹುದೆಂಬ ಅಲೆಗ್ಸಾಂಡರನ ಆಜ್ಞೆಯನ್ನು ಒಲಿಂಪಿಯದಲ್ಲಿ ಓದಲಾಯಿತು. ಟೆಜಿಯ ಪಟ್ಟಣದ ಶಾಸನವೊಂದರಲ್ಲಿ, ಬಂದವರಿಗೆ ಮನೆ ಯಾವುದು, ತೋಟ ಯಾವುದು, ವ್ಯಾಜ್ಯಗಳನ್ನು ಹೊರಗಿನ ನ್ಯಾಯಸ್ಥಾನವು ಅರವತ್ತು ದಿನ ಹೇಗೆ ವಿಚಾರಿಸಬೇಕು ಎಂಬ ವಿವರಗಳಿವೆ. ಲೇಯರ್ಟೀಸನ ಮರಗಳು ನಮಗೆ ಇಲ್ಲಿ ಮತ್ತೆ ಕಾಣುತ್ತವೆ.

ಮುಂದಿನ ಕವಿಗಳಿಗೆ ಈ ಲೆಕ್ಕ ರುಚಿಸಲಿಲ್ಲ. ಟೆನಿಸನ್ 1833ರಲ್ಲಿ ಬರೆದು 1842ರಲ್ಲಿ ಪ್ರಕಟಿಸಿದ ಕವಿತೆಯ ಯುಲಿಸಿಸನು ಮನೆಯಲ್ಲಿ ಬೇಸತ್ತು ಹೊರಡುತ್ತಾನೆ. ಕವಾಫಿಯ 1911ರ ‘ಇಥಾಕ’ದಲ್ಲಿ ದಾರಿಗೇ ಹಿರಿಮೆ. ಕಜಾಂಟ್‌ಜಾಕಿಸನ 33,333 ಪಂಕ್ತಿಗಳ ಕಾವ್ಯದಲ್ಲಿ (1938) ನಾಯಕನು ಇಥಾಕವನ್ನು ಶಾಶ್ವತವಾಗಿ ತೊರೆಯುತ್ತಾನೆ. ಇವು ಸಾಮಾನ್ಯ ಕೃತಿಗಳಲ್ಲ. ಆದರೆ ಇವುಗಳ ಕನ್ನಡಕದಿಂದ ಹೋಮರನನ್ನು ಓದಿ, ಮನೆಯೆಂಬುದು ಪ್ರಯಾಣಕ್ಕೊಂದು ನೆಪವೆಂದು ತರಗತಿಗಳಲ್ಲಿ ಬೋಧಿಸುವುದು ತಪ್ಪು. ಟೈರೀಸಿಯಸನ ಭವಿಷ್ಯವಾಣಿಯಲ್ಲಿ ಇನ್ನೊಂದು ಪ್ರಯಾಣವಿದೆ, ನಿಜ. ಅದರ ಕೊನೆಯಲ್ಲಿಯೂ ಮನೆಗೆ ಮರಳುವುದೇ ಇದೆ.

ಡಾಂಟೆಯ ಸಂಗತಿ ಬೇರೆ. ಅವನಿಗೆ ಗ್ರೀಕ್ ಬಾರದು, ಹೋಮರನನ್ನು ಅವನು ಓದಿರಲಿಲ್ಲ. ಅವನ ಯುಲಿಸಿಸನು ಮನೆಯತ್ತ ತಿರುಗದೆ ಸಮುದ್ರದಲ್ಲಿ ಮುಳುಗುತ್ತಾನೆ. 1302ರಲ್ಲಿ ಫ್ಲಾರೆನ್ಸಿನಿಂದ ಹೊರದೂಡಲ್ಪಟ್ಟ ಕವಿಗೆ 1315ರಲ್ಲಿ ಕ್ಷಮಾದಾನ ಒದಗಿತ್ತು. ದಂಡವನ್ನು ತೆತ್ತು ಬಹಿರಂಗ ಪ್ರಾಯಶ್ಚಿತ್ತಕ್ಕೆ ಒಳಗಾಗಬೇಕೆಂಬ ಕಟ್ಟಳೆಯಿದ್ದುದರಿಂದ ಅವನು ಅದನ್ನು ತಿರಸ್ಕರಿಸಿದನು, 1321ರಲ್ಲಿ ರವೆನ್ನದಲ್ಲಿ ತೀರಿಕೊಂಡನು. ಮರಳುವುದಕ್ಕೆ ತೆರಬೇಕಾದ ಬೆಲೆಯನ್ನು ಅವನು ಬಲ್ಲವನು.

ಇಥಾಕದಲ್ಲಿ ಬೆಲೆ ತೆತ್ತವರು ಬೇರೆಯವರು. ಒಡಿಸ್ಯೂಸನು ಏನನ್ನೂ ತೆರಲಿಲ್ಲ. ಮರೆಯಬೇಕಾಗಿ ಬಂದದ್ದು ಮಕ್ಕಳನ್ನು ಕಳೆದುಕೊಂಡ ತಂದೆಗಳಿಗೆ. ಅರಮನೆಯಲ್ಲಿ ನೇಣುಹಾಕಲ್ಪಟ್ಟ ಹನ್ನೆರಡು ಮಂದಿ ದಾಸಿಯರ ಪರವಾಗಿಯಂತೂ ಯಾವ ಬಂಧುವೂ ಶಸ್ತ್ರ ಹಿಡಿದು ಬರಲಿಲ್ಲ, ಆದುದರಿಂದ ಸಂಧಿಯಲ್ಲಿ ಅವರ ಮಾತೇ ಇಲ್ಲ. ಅವರ ಬಾಯಿಂದ ದೂರನ್ನು ಆಡಿಸಿದವಳು ಮಾರ್ಗರೆಟ್ ಅಟ್‌ವುಡ್, 2005ರ ‘ಪೆನೆಲೊಪಿಯಾಡ್’ನಲ್ಲಿ.