ಬಾಲಕರ ಮುಂದೆ ಸಾಕ್ಷ್ಯವಿಟ್ಟ ಪತ್ರಕರ್ತರು

ವೃತ್ತಪತ್ರಿಕೆಯಲ್ಲಿ ಪಳಗಿದ ಲೇಖನಿಯು ಎಳೆಯರಿಗಾಗಿ ಚರಿತ್ರೆಯನ್ನೋ ಜೀವನಚರಿತ್ರೆಯನ್ನೋ ಬರೆಯಹೊರಟರೆ ಒದಗುವ ಲಾಭವೇನು, ಹಾನಿಯೇನು ಎಂಬುದನ್ನು ಪರೀಕ್ಷಿಸಲು ಅಮೆರಿಕದ ಬಾಲಸಾಹಿತ್ಯಕ್ಕಿಂತ ಪ್ರಶಸ್ತವಾದ ಕ್ಷೇತ್ರವಿಲ್ಲ. ಅಲ್ಲಿನ ನ್ಯೂಬೆರಿ ಪದಕವು 1922ರಲ್ಲಿ ಮೊತ್ತಮೊದಲು ಸಂದದ್ದು ಕಥೆಗಲ್ಲ, ಹೆಂಡ್ರಿಕ್ ವಿಲ್ಲೆಮ್ ವಾನ್ ಲೂನನ ‘ದಿ ಸ್ಟೋರಿ ಆಫ್ ಮ್ಯಾನ್‌ಕೈಂಡ್’ ಎಂಬ ಇತಿಹಾಸಗ್ರಂಥಕ್ಕೆ. ಹಾಲೆಂಡಿನಲ್ಲಿ ಜನಿಸಿ, ಅಸೋಸಿಯೇಟೆಡ್ ಪ್ರೆಸ್ಸಿನ ಬಾತ್ಮೀದಾರನಾಗಿ 1905ರ ರಷ್ಯದ ಕ್ರಾಂತಿಯನ್ನು ವರದಿಮಾಡಿದ್ದ ಈತನು ಮಾನವಕುಲದ ಸಮಗ್ರ ವೃತ್ತಾಂತವನ್ನು, ತಾನೇ ರಚಿಸಿದ ರೇಖಾಚಿತ್ರಗಳೊಡನೆ, ಮಕ್ಕಳ ಪಕ್ಕದಲ್ಲಿ ಕುಳಿತು ಹೇಳುವಂತೆ ಹೇಳಿದನು. ಆ ಧಾಟಿಯ ಮೋಹಕತೆ ಇಂದಿಗೂ ಮಾಸಿಲ್ಲ. ಆದರೆ ಬುದ್ಧ, ಕನ್‌ಫ್ಯೂಷಿಯಸ್ ಇಬ್ಬರನ್ನೂ ಒಂದೇ ಅಧ್ಯಾಯದಲ್ಲಿ ಅಡಕಮಾಡಿ ಯೂರೋಪಿಗೆ ಮರಳುವ ಈ ಗ್ರಂಥದಲ್ಲಿ, ಇದು ನಿಮಗೆ ಹೇಗೆ ತಿಳಿಯಿತು ಎಂದು ಬಾಲಕನು ಕೇಳಲು ಅವಕಾಶವೇ ಇಲ್ಲ. ಹೇಳುವವನ ವಿಶ್ವಾಸವೇ ಅಲ್ಲಿ ಪ್ರಮಾಣ.

ಆ ಪ್ರಶ್ನೆಗೆ ಅವಕಾಶ ಕಲ್ಪಿಸಿದವರು ರಸೆಲ್ ಫ್ರೀಡ್‌ಮನ್. ಇವರೂ ಅಸೋಸಿಯೇಟೆಡ್ ಪ್ರೆಸ್ಸಿನ ಗರಡಿಯಲ್ಲಿಯೇ ತಯಾರಾದವರು. ಮಹಾಪುರುಷರ ಬಾಯಲ್ಲಿ ಅವರು ಎಂದೂ ಆಡದ ಮಾತುಗಳನ್ನಿಟ್ಟು ಸಂಭಾಷಣೆ ಹೆಣೆಯುವುದು ಮಕ್ಕಳ ಜೀವನಚರಿತ್ರೆಗಳಲ್ಲಿ ಬಹುಕಾಲ ರೂಢಿಯಾಗಿತ್ತು. ಆ ರೂಢಿಯನ್ನು ತ್ಯಜಿಸಿ, 1987ರಲ್ಲಿ ಛಾಯಾಚಿತ್ರಗಳನ್ನೇ ಆಧಾರವಾಗಿಟ್ಟುಕೊಂಡು ಇವರು ಬರೆದ ಲಿಂಕನ್ನನ ಚರಿತ್ರೆಗೆ ಮರುವರ್ಷ ಅದೇ ಪದಕ ದೊರೆಯಿತು. ಲಿಂಕನ್ ಆರಂಭದಿಂದಲೂ ಗುಲಾಮಗಿರಿಯ ನಿರ್ಮೂಲನವಾದಿಯಾಗಿರಲಿಲ್ಲ ಎಂಬುದನ್ನು ಫ್ರೀಡ್‌ಮನ್ ಮರೆಮಾಚುವುದಿಲ್ಲ. ಗುಂಡೇಟಿನ ರಾತ್ರಿ ಆತನ ಜೇಬಿನಲ್ಲಿದ್ದ ಎರಡು ಕನ್ನಡಕ, ಚಾಕು, ಕರವಸ್ತ್ರ, ಬಂಡಾಯ ಸಂಸ್ಥಾನಗಳ ಐದು ಡಾಲರಿನ ನೋಟು, ತನ್ನನ್ನು ಹೊಗಳಿದ್ದ ಕೆಲವು ಪತ್ರಿಕೆಯ ತುಣುಕುಗಳು, ಇವನ್ನು ಓದುಗನ ಮುಂದೆ ಹರಡುತ್ತಾರೆ. ನಿಂದೆಯ ಮಳೆಯಲ್ಲಿ ನಾಲ್ಕು ವರ್ಷ ತೊಯ್ದ ಒಬ್ಬ ಅಧ್ಯಕ್ಷನು ಆ ತುಣುಕುಗಳನ್ನು ಏಕೆ ಕಾಪಾಡಿಕೊಂಡಿದ್ದನೆಂಬುದನ್ನು ಹನ್ನೆರಡರ ಬಾಲಕನೂ ತಾನಾಗಿಯೇ ಊಹಿಸಬಲ್ಲನು.

ಆದರೂ ನನ್ನ ಮಟ್ಟಿಗೆ ಅವರ ಶ್ರೇಷ್ಠ ಕೃತಿ 1994ರ ‘ಕಿಡ್ಸ್ ಅಟ್ ವರ್ಕ್’. ಉಪಾಧ್ಯಾಯನಾಗಿದ್ದ ಲೂಯಿಸ್ ಹೈನ್, ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಯ ಪರವಾಗಿ 1908ರಿಂದ ಹತ್ತಿಯ ಗಿರಣಿಗಳಿಗೂ ಕಲ್ಲಿದ್ದಲ ಗಣಿಗಳಿಗೂ ಕ್ಯಾಮೆರಾ ಹೊತ್ತು ಅಲೆದ ವೃತ್ತಾಂತವಿದು. ಒಳಗೆ ಬಿಡದಿದ್ದರೆ ಬೈಬಲ್ ಮಾರುವವನೆಂದೋ ಯಂತ್ರಗಳ ಚಿತ್ರ ತೆಗೆಯುವವನೆಂದೋ ವೇಷ ಹಾಕುತ್ತಿದ್ದನು. ತನ್ನ ಅಂಗಿಯ ಒಂದೊಂದು ಗುಂಡಿಯೂ ನೆಲದಿಂದ ಎಷ್ಟೆತ್ತರದಲ್ಲಿದೆಯೆಂದು ಮೊದಲೇ ಅಳೆದಿಟ್ಟುಕೊಂಡು, ಮಗುವಿನ ತಲೆ ಯಾವ ಗುಂಡಿಗೆ ಬರುವುದೆಂದು ನೋಡಿ ಅದರ ಎತ್ತರವನ್ನು ನಿರ್ಣಯಿಸುತ್ತಿದ್ದನು. ಜೇಬಿನೊಳಗೆ ಕೈಯಿಟ್ಟು ಯಾರಿಗೂ ಕಾಣದಂತೆ ಟಿಪ್ಪಣಿ ಗೀಚಿಕೊಳ್ಳುತ್ತಿದ್ದನು. ಅನ್ಯಾಯವನ್ನು ಕಂಡು ಕನಿಕರಪಡುವುದಷ್ಟೇ ಸಾಲದು, ಅದನ್ನು ಅಳೆದು ಬರೆದಿಡಬೇಕೆಂಬುದು ಈ ಪುಟಗಳಲ್ಲಿ ಉಪದೇಶವಾಗಿ ಬರುವುದಿಲ್ಲ. ಕೆಲಸವಾಗಿ ಕಣ್ಣಿಗೆ ಬೀಳುತ್ತದೆ. ಬಾಲಕಾರ್ಮಿಕರ ವಿಷಯದಲ್ಲಿ ಗಟ್ಟಿಯಾಗಿ ನಿಂತ ರಾಷ್ಟ್ರೀಯ ಶಾಸನ ಬಂದದ್ದು 1938ರಲ್ಲಿ. ಹೈನನು ಆ ಅಲೆದಾಟವನ್ನು ಆರಂಭಿಸಿದಂದಿನಿಂದ ಅಲ್ಲಿಗೆ ಮೂವತ್ತು ವರ್ಷ.

‘ವಾಲ್ ಸ್ಟ್ರೀಟ್ ಜರ್ನಲ್’ನಲ್ಲಿದ್ದ ಕೇರನ್ ಬ್ಲೂಮೆಂಥಾಲ್ 1929ರ ಷೇರುಪೇಟೆಯ ಕುಸಿತವನ್ನು ಕುರಿತು ಬರೆದ ಪುಸ್ತಕ ಈ ಮಾರ್ಗದ್ದೇ, ಸಾಲ ತಂದು ಷೇರು ಕೊಳ್ಳುವುದೆಂದರೇನು ಎಂಬುದನ್ನು ಅಷ್ಟು ವಿಶದವಾಗಿ ದೊಡ್ಡವರಿಗೂ ವಿವರಿಸಿದವರು ವಿರಳ.

ಇತ್ತೀಚೆಗೆ ಪ್ರಬಲವಾಗಿರುವ ಇನ್ನೊಂದು ಪದ್ಧತಿಯ ವಿಷಯದಲ್ಲಿ ನನಗೆ ಅಷ್ಟು ಸಮಾಧಾನವಿಲ್ಲ. ಪ್ರೌಢರಿಗಾಗಿ ಬರೆದು ಹೆಸರಾದ ಗ್ರಂಥವನ್ನೇ ಸಂಕ್ಷೇಪಿಸಿ ಕಿರಿಯರ ಆವೃತ್ತಿಯೆಂದು ಹೊರತರುವ ಪದ್ಧತಿಯದು. ತಾಯಿಯನ್ನರಸಿ ಸರಕು ರೈಲುಗಳ ನೆತ್ತಿಯ ಮೇಲೆ ಮೆಕ್ಸಿಕೊವನ್ನು ದಾಟಿದ ಹೊಂಡುರಾಸಿನ ಬಾಲಕನ ಕಥೆಯನ್ನು, ತಾನೂ ಅದೇ ರೈಲುಗಳನ್ನೇರಿ ಬರೆದ ಸೋನಿಯಾ ನಜಾರಿಯೊ ಅವರ ‘ಎನ್ರಿಕೇಸ್ ಜರ್ನಿ’ಯೂ 2013ರಲ್ಲಿ ಹೀಗೆ ಬಂದಿತು. ವಸ್ತುವಿನ ಬಲದಿಂದ ಅದು ಉಳಿಯುತ್ತದೆ. ಆದರೆ ಕತ್ತರಿ ಹಿಡಿದವನಿಗೆ ಘಟನೆಗಳು ಬೇಕು, ಲೇಖಕನ ಸಂಶಯ, ವಿಚಾರಣೆ, ಹುಡುಕಾಟಗಳು ಬೇಡ. ಎಳೆಯನಿಗೆ ಅತ್ಯಗತ್ಯವಾದ ಭಾಗವೇ ಮೊದಲು ಬಿದ್ದುಹೋಗುವ ಭಯ ಇಂಥ ಸಂಕ್ಷೇಪದಲ್ಲಿ ಸದಾ ಇದ್ದೇ ಇರುತ್ತದೆ. ಕಿರಿಯನಿಗೆ ಬರೆಯುವ ಪುಸ್ತಕವನ್ನು ಮೊದಲ ವಾಕ್ಯದಿಂದಲೇ ಅವನಿಗಾಗಿ ಬರೆಯಬೇಕು.

ನಮ್ಮಲ್ಲಿ, ಪತ್ರಿಕೋದ್ಯಮದ ಅನುಭವವಿದ್ದ ನಿರಂಜನರು ‘ಜ್ಞಾನಗಂಗೋತ್ರಿ’ಯೆಂಬ ಕಿರಿಯರ ವಿಶ್ವಕೋಶವನ್ನು ಸಂಪಾದಿಸಿ ಮಹೋಪಕಾರ ಮಾಡಿದರು. ಅದು ಜ್ಞಾನದ ಸಂಗ್ರಹ. ಒಂದೇ ಘಟನೆಯ ಬೆನ್ನುಹತ್ತಿ ಸಾಕ್ಷ್ಯವನ್ನು ಬಿಚ್ಚಿಡುವ ಕೃತಿಗಳು ಅದರ ಪಕ್ಕದಲ್ಲಿ ಬೆಳೆಯಬೇಕು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯನ್ನೂ ಆಲಮಟ್ಟಿಯ ಹಿನ್ನೀರಿಗೆ ಮನೆಮಠ ಬಿಟ್ಟುಕೊಟ್ಟ ಬಾಗಲಕೋಟೆಯವರನ್ನೂ ಕಂಡು ವರದಿಮಾಡಿದ ಪತ್ರಕರ್ತರು ನಮ್ಮ ನಡುವೆ ಇದ್ದಾರೆ. ಅವರು ತಮ್ಮ ಹಳೆಯ ಟಿಪ್ಪಣಿ ಪುಸ್ತಕಗಳನ್ನು ತೆರೆದು, ಎಂಟನೆಯ ತರಗತಿಯ ಒಬ್ಬ ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂದೊಂದು ಪುಸ್ತಕವನ್ನಾದರೂ ಬರೆಯಲಿ.