ಬೋಮೋನ್ ಕಂಡ ಐರ್ಲೆಂಡಿನ ಬಡತನ

ಗುಸ್ತಾವ್ ದ ಬೋಮೋನ್ ಎಂಬ ಫ್ರೆಂಚ್ ಲೇಖಕನು ತನ್ನ ಮಿತ್ರ ತೊಕ್‌ವಿಲ್‌ನ ಕೀರ್ತಿಯ ನೆರಳಿನಲ್ಲಿ ಮರೆಯಾದವನು. 1831ರಲ್ಲಿ ಇಬ್ಬರೂ ಕಾರಾಗೃಹಗಳ ಅಧ್ಯಯನಕ್ಕೆಂದು ಅಮೆರಿಕಕ್ಕೆ ಹೋದರು. 1835ರಲ್ಲಿ ಜೊತೆಯಾಗಿ ಐರ್ಲೆಂಡನ್ನು ಸುತ್ತಿದರು. ಎರಡು ವರ್ಷಗಳ ತರುವಾಯ ಪುನಃ ಅಲ್ಲಿಗೆ ಹೋಗಿಬಂದ ಬೋಮೋನ್, ಆ ದೇಶವನ್ನು ಕುರಿತ ತನ್ನ ಗ್ರಂಥವನ್ನು 1839ರಲ್ಲಿ ಪ್ರಕಟಿಸಿದನು. ನಾವು ಓದಿದ್ದು ಅದೇ ವರ್ಷ ಹೊರಬಂದ ಇಂಗ್ಲಿಷ್ ಅನುವಾದವನ್ನು. ಅದರ ಚರಿತ್ರೆಯ ಪೀಠಿಕೆ ದೀರ್ಘವಾದುದು; ಮೊದಲ ಓದಿಗೆ ಅದನ್ನು ಬಿಟ್ಟರೂ ನಷ್ಟವಿಲ್ಲ.

ಹರಕು ಬಟ್ಟೆಯನ್ನೂ ಹೊಗೆ ತುಂಬಿದ ಗುಡಿಸಲನ್ನೂ ವರ್ಣಿಸಿ, ಕೊನೆಗೆ 'ಈ ಜನ ಸೋಮಾರಿಗಳು' ಎಂದು ಷರಾ ಬರೆದುಬಿಡುವ ಪ್ರವಾಸಿಗರು ಆ ಕಾಲದಲ್ಲಿ ಬಹಳ ಮಂದಿ. ಬೋಮೋನ್ ಆ ಜಾಡು ಹಿಡಿಯಲಿಲ್ಲ. ಮನುಷ್ಯರಿರುವ ಗುಡಿಸಲಿನಲ್ಲೇ ಹಂದಿಯೂ ಇರುವುದನ್ನು ಕಂಡು ಮೂಗು ಮುಚ್ಚಿಕೊಳ್ಳುವ ಓದುಗನನ್ನು ಅವನು ತಡೆದು ನಿಲ್ಲಿಸುತ್ತಾನೆ. ಹಂದಿಯಿರುವ ಮನೆ ಇದ್ದುದರಲ್ಲಿ ಅನುಕೂಲಸ್ಥರದು. ಅದೂ ಇಲ್ಲದ ಮನೆಯನ್ನು ನೋಡಿ ಎನ್ನುತ್ತಾನೆ. ಆ ಹಂದಿಯಾದರೂ ಮನೆಯವರ ಊಟಕ್ಕಲ್ಲ, ಒಡೆಯನ ಗೇಣಿಗೆ. ದಿನಕ್ಕೆ ಮೂರು ಹೊತ್ತು ಆಲೂಗಡ್ಡೆ ಕಾಣುವವನು, ಎರಡು ಹೊತ್ತಿನವನು, ಒಂದೇ ಹೊತ್ತಿನವನು ಎಂದು ಬಡತನದೊಳಗಿನ ಮೆಟ್ಟಿಲುಗಳನ್ನು ಅವನು ಎಣಿಸುವ ಬಗೆ ಯಾವ ಕರುಣರಸದ ವರ್ಣನೆಗಿಂತಲೂ ನಮ್ಮನ್ನು ಕಲಕಿತು.

ಅಲ್ಲಿಂದ ಅವನ ದೃಷ್ಟಿ ಒಡೆಯನತ್ತ ತಿರುಗುತ್ತದೆ. ಇಂಗ್ಲೆಂಡಿನಲ್ಲಿ ಕುಳಿತು ಗೇಣಿ ಉಣ್ಣುವ ಭೂಮಾಲಿಕರು, ನಡುವಿನ ಗುತ್ತಿಗೆದಾರರು, ಕ್ಯಾಥೊಲಿಕ್ ರೈತನು ತನ್ನದಲ್ಲದ ಚರ್ಚಿಗೆ ತೆರಬೇಕಾದ ದಶಮಾಂಶ, ಇವುಗಳಲ್ಲಿ ಅವನು ಕೇಡಿನ ಬೇರನ್ನು ಕಾಣುತ್ತಾನೆ. ಹೊಲವನ್ನು ಹಸನು ಮಾಡಿದರೆ ಗೇಣಿಯೇ ಏರುವುದಾದರೆ ರೈತನು ಏಕೆ ಮೈಮುರಿದು ದುಡಿಯಬೇಕು? ಸೋಮಾರಿತನದ ಆರೋಪಕ್ಕೆ ಇದಕ್ಕಿಂತ ತಕ್ಕ ಉತ್ತರವಿಲ್ಲ.

ಒಂದು ಮಾತನ್ನು ಮಾತ್ರ ನಾವು ಒಪ್ಪಲಾರೆವು. ಅಮೆರಿಕದ ಮೂಲನಿವಾಸಿಗಿಂತಲೂ, ಸಂಕೋಲೆಯಲ್ಲಿರುವ ಗುಲಾಮನಿಗಿಂತಲೂ ಐರಿಷ್ ಬಡವನ ಸ್ಥಿತಿ ಕೀಳು ಎಂದು ಅವನು ತೂಗುತ್ತಾನೆ. ಗುಲಾಮನ ದುಃಖವನ್ನು ಅವನ ತುತ್ತಿನಿಂದ ಅಳೆಯುವುದು ಸರಿಯೆ? ಗುಲಾಮಗಿರಿಯ ವಿರುದ್ಧ 'ಮರಿ' ಎಂಬ ಕಾದಂಬರಿಯನ್ನೇ ಬರೆದವನು ಹೀಗೆ ತೂಗಿದ್ದು ಸೋಜಿಗ.

ಇನ್ನೊಂದು ಕೊರತೆಯೂ ಉಂಟು. ಇಷ್ಟೊಂದು ಮರುಗುವ ಗ್ರಂಥದಲ್ಲಿ ಬಡವನು ತಾನೇ ಬಾಯಿಬಿಟ್ಟು ನುಡಿಯುವುದು ವಿರಳ. ಆಸೆನಾತ್ ನಿಕಲ್ಸನ್ ಎಂಬ ಅಮೆರಿಕದ ವಿಧವೆ 1844–45ರಲ್ಲಿ ಅದೇ ನಾಡನ್ನು ಬಹುಮಟ್ಟಿಗೆ ಕಾಲ್ನಡಿಗೆಯಲ್ಲಿ ಸುತ್ತಿ, ಗುಡಿಸಲಿನ ಒಲೆಯ ಬಳಿ ಕುಳಿತು, ಅವರ ಆಲೂಗಡ್ಡೆಯನ್ನೇ ತಿಂದು ಬರೆದ ಪುಸ್ತಕವನ್ನು ಇದರ ಜೊತೆಗಿಟ್ಟು ಓದಬೇಕು. ಅಲ್ಲಿ ಮುದುಕಿಯರು ಮಾತಾಡುತ್ತಾರೆ, ಅತಿಥಿಗೆ ಜಾಗ ಬಿಟ್ಟುಕೊಡುತ್ತಾರೆ.

1845ರಲ್ಲಿ ಆಲೂಗಡ್ಡೆಗೆ ರೋಗ ತಗುಲಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಮಂದಿ ಹಡಗು ಹತ್ತಿದರು. 1863ರ ಆವೃತ್ತಿಗೆ ಬೋಮೋನ್ ಹೊಸ ಮುನ್ನುಡಿಯನ್ನು ಬರೆಯಬೇಕಾಯಿತು.